ಘಾಟ್ಕೋಪರಿನಲ್ಲಿ ಚರಗ

ಕಸ್ತೂರಿ,

ಮಲಾಡಿನ ನಿನ್ನ ಚಿಗವ್ವನಿಗೆ ಜ್ವರ ಇಳಿದಿಲ್ಲವೆಂದು ಫೋನು ಬಂತು, ಹೊರಟೆ. ನೀನು ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮಲಗಿದ್ದೀ, ಎಬ್ಬಿಸಲಿಲ್ಲ.

ಎಳ್ಳಮಾವಾಸ್ಯೆಯ ಅಡುಗೆಯೆಲ್ಲ ಆಗಿದೆ. ಪುಂಡಿಪಲ್ಯ ಒಂದನ್ನು ಬಿಸಿ ಮಾಡಿಕೋ. ಉಣ್ಣುವ ಮೊದಲು ಎಲ್ಲದರಲ್ಲೂ ಸ್ವಲ್ಪ ತೆಗೆದು, ಕಲಸಿ, ಭೂಮಿತಾಯಿಗೆ ಚರಗ ಚೆಲ್ಲು.

“ಈ ವರ್ಷ ನಾ ಚೆಲ್ಲಂಗಿಲ್ಲವ್ವಾ” ಎಂದು ನಿನ್ನೆ ಮುಖ ಊದಿಸಿಕೊಂಡಿದ್ದೆ. ಗೊತ್ತಿದೆ. ಹೋದ ವರ್ಷ ನೀನು ಸೊಸೈಟಿಯ ಗಾರ್ಡನ್ ತುಂಬ ಚೆಲ್ಲಿ ಬಂದಾಗ ಸೆಕ್ರೆಟರಿ, “ಯೇ ತುಮ್ಹಾರಾ ಗಾಂವ್ ಹೈ ಕ್ಯಾ?” ಎಂದು, ಇದೇನು ನಿಮ್ಮ ಹಳ್ಳಿಯಾ ಎಂದು ಕೂಗಾಡಿದ. ಊರಿಗೆ ಫೋನ್ ಮಾಡಿ ಹೇಳಿದರೆ ನಿನ್ನ ಕಾಕಾ, “ಹೊಲಾ ಇಲ್ಲದವ್ರಿಗೆ ಎಂಥಾ ಚರಗರೀ, ಮುಂಬೈ ಬಾಯಾರ?” ಎಂದು ನಕ್ಕ. ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ ಎಂದು ನೀನು ಅತ್ತದ್ದನ್ನು ನಾನು ಮರೆತಿಲ್ಲ.

ಸೆಕ್ರೆಟರಿಯದು ತಪ್ಪಿಲ್ಲ, ಚೆಲ್ಲಿದ ಅಡುಗೆಗೆ ಆಮೇಲೆ ಇಲಿ ಬಂದಿದ್ದವು. ಈ ಸಲ ಕೆಳಗೆ ಇಳಿಯಬೇಡ, ಗ್ಯಾಲರಿಯ ಕರಿಬೇವಿನ ಕುಂಡದಲ್ಲಿ ಒಂದು ಚಿಟಿಕೆ ಸಾಕು. ಅವನ ಮನೆಗೂ ನಾಲ್ಕು ಶೇಂಗಾ ಹೋಳಿಗೆ ಕೊಟ್ಟು ಬಾ.

ಕಾಕಾನ ಮಾತು ಬಿಡು. ಅವನು ಹೊಲ ಕೊಂಡದ್ದು ನಾವು ಮುಂಬೈಗೆ ಬಂದ ಮೇಲೆ. ಅದಕ್ಕೂ ಮೊದಲು ನಾನು, ನಿಮ್ಮಪ್ಪ, ಅವನು ಎಲ್ಲರೂ ಗೌಡರ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದೆವು. ಎಳ್ಳಮಾವಾಸ್ಯೆಗೆ ಅದೇ ಹೊಲದಲ್ಲಿ ಚರಗ ಚೆಲ್ಲುತ್ತಿದ್ದೆವು. ನಾವು ದುಡಿದ ನೆಲವೆಂದು ಚೆಲ್ಲಿದೆವು, ಯಾರ ಹೆಸರಿನಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ.

ನೀನು ಹುಟ್ಟಿದ್ದು ಇಲ್ಲಿ, ದುಡಿಯುವುದು ಇಲ್ಲಿ. ಎದ್ದು ಸ್ನಾನ ಮಾಡಿ ಚೆಲ್ಲು. ಆಮೇಲೆ ಹೊಟ್ಟೆ ತುಂಬ ಉಣ್ಣು.

ಅವ್ವ