ಹಜಾರದ ಬಸ್ಸು

ಮೇ 14, ಬೆಳಿಗ್ಗೆ

ಮೊದಲ ಟ್ರಿಪ್ಪು ಹೊರಟಿತು. ಹಜಾರದ ಕುರ್ಚಿಗಳೆಲ್ಲ ಸಾಲಾಗಿ ನಿಂತಿವೆ. ಕಂಡಕ್ಟರ್ ಮೊಮ್ಮಗಳು, ಪ್ರಯಾಣಿಕ ನಾನು. ಅವಳ ಹೆಗಲಿಗೆ ನನ್ನ ಹಳೆಯ ಚರ್ಮದ ಚೀಲ — ಪಟ್ಟಿಯನ್ನು ಎಷ್ಟು ಗಿಡ್ಡ ಮಾಡಿದರೂ ಮೊಣಕಾಲಿಗೆ ಬಡಿಯುತ್ತದೆ. ಬೆರಳಿಗೆ ಎಂಜಲು ಹಚ್ಚಿ ಹಳೇ ಕ್ಯಾಲೆಂಡರಿನ ಚೂರು ಹರಿದು ಕೊಡುತ್ತಾಳೆ. ಎಂಜಲಿನ ವಿದ್ಯೆ ಕಲಿಸಿದ್ದು ನಾನೇ. ಮಗಳ ಮುಂದೆ ಹೇಳುವ ಹಾಗಿಲ್ಲ.

"ಎಲ್ಲಿಗೆ?"

"ಅಡುಗೆಮನೆಗೆ ಒಂದು ಕೊಡಿ."

"ಅದು ಆಗ್ಲೇ ಹಿಂದೆ ಹೋಯ್ತು. ನಿದ್ದೆ ಮಾಡ್ತಿದ್ರಾ?"

ಕಂಡಕ್ಟರ್ ಸರ್ವೀಸ್ ಪೂರ್ತಿ ನಾನು ಜನರಿಗೆ ಅಂದ ಮಾತು, ಈಗ ನನಗೇ ವಾಪಸ್. ಮಾಡಿದ್ದುಣ್ಣೋ ಮಹಾರಾಯ.

ಇವಳನ್ನು ನಾನು ಕರೆಯುವುದು ಚಿಲ್ಲರೆ ಅಂತ. ಸಣ್ಣದು, ಸದಾ ಸದ್ದು, ಜೊತೆಗಿದ್ದರೆ ಧೈರ್ಯ. ಮಗಳಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತದೆ. ಬೆಳೆಯುವ ಹುಡುಗಿಗೆ ಇದೆಂಥ ಹೆಸರು ಅಂತ. ಇದನ್ನು ಬರೆಯುತ್ತಿದ್ದರೆ ಚಿಲ್ಲರೆ ಪೆನ್ನು ಎಳೆಯುತ್ತಿದ್ದಾಳೆ — ಬಸ್ಸಿನಲ್ಲಿ ಬರೆಯಬಾರದಂತೆ.

ಅದೇ ದಿನ, ಸಂಜೆ

ಮಗಳು ಆಸ್ಪತ್ರೆಯ ಲ್ಯಾಬಿನಿಂದ ಬಂದವಳೇ ಸುದ್ದಿ ಹೇಳಿದಳು. ಹಿಂದಿನ ರಸ್ತೆಯ ಪ್ರೀಸ್ಕೂಲಿನಲ್ಲಿ ಸೀಟು ಸಿಕ್ಕಿದೆ. ಜೂನ್‌ನಲ್ಲಿ ಶುರು.

"ಇಷ್ಟು ಬೇಗ ಯಾಕಮ್ಮ? ನಾನಿಲ್ವಾ?"

"ಅಪ್ಪ, ಮೊನ್ನೆ ಪಾರ್ಕಲ್ಲಿ ಒಂದು ಮಗು ಹತ್ರ ಹೋಗಿ 'ಮಂಡಿ ನೋವು ಹೇಗಿದೆ' ಅಂತ ಕೇಳಿದ್ಲು. ಆ ಮಗು ಹೆದರಿ ಓಡಿಹೋಯ್ತು. ಇವಳಿಗೆ ಗೊತ್ತಿರೋದು ನೀನೊಬ್ಬನೇ. ತನ್ನ ವಯಸ್ಸಿನವರ ಜೊತೆ ಬೆರೀಬೇಡ್ವಾ?"

ಬೆರೆಯಬೇಕು. ತಲೆಯಾಡಿಸಿದೆ. ಊಟ ಸೇರಲಿಲ್ಲ.

ಮೇ 21

ತಯಾರಿ ಜೋರು. ಅಳಿಯ ಮೊಲದ ಚಿತ್ರದ ಬ್ಯಾಗು ತಂದ. ಅವಳು ಕಣ್ಣೆತ್ತಿಯೂ ನೋಡಲಿಲ್ಲ — ಚರ್ಮದ ಚೀಲವೇ ಬೇಕು. ತಾನೇ ಚಮಚ ಹಿಡಿದು ತಿನ್ನುವ ಅಭ್ಯಾಸ ನಡೆದಿದೆ. ಅರ್ಧ ಅನ್ನ ಬಾಯಿಗೆ, ಅರ್ಧ ನನ್ನ ಅಂಗಿಗೆ. ಇವತ್ತು ಚಡ್ಡಿ ತಾನೇ ಏರಿಸಿಕೊಂಡಳು. ಹಿಂದುಮುಂದಾಗಿತ್ತು, ಇರಲಿ.

ಮಗಳು ಇಷ್ಟಿದ್ದಾಗ ನನ್ನದು ಮೊದಲ ಬಸ್ಸು, ಕೊನೆಯ ಬಸ್ಸು. ಹೊರಡುವಾಗಲೂ ಮಲಗಿರುತ್ತಿದ್ದಳು, ಬಂದಾಗಲೂ. ಅವಳು ಹೆಜ್ಜೆ ಇಟ್ಟ ಸುದ್ದಿಯನ್ನು ಹೆಂಡತಿ ಡಿಪೋ ಗೇಟಿಗೆ ಬಂದು ಹೇಳಿದ್ದಳು. ಬಸ್ಸು ಹೊರಡುವುದರಲ್ಲಿತ್ತು. ಫುಟ್‌ಬೋರ್ಡಿನ ಮೇಲೆ ನಿಂತೇ ನಕ್ಕೆ. ಪುಣ್ಯಾತ್ಗಿತ್ತಿ, ಈಗಿರಬೇಕಿತ್ತು. ಚಿಲ್ಲರೆಯ ಒಂದೊಂದು ಹೆಜ್ಜೆಯನ್ನೂ ನಾನು ಕಂಡಿದ್ದೇನೆ, ಈ ಸಲ ನಾನೇ ಹೆಂಡತಿಗೆ ಹೇಳುತ್ತಿದ್ದೆ.

ಮೇ 29

"ಸ್ಕೂಲ್ ಅಂದ್ರೆ ಏನಜ್ಜ?"

ತಟ್ಟನೆ ಹೊಳೆಯಿತು. "ಅದೂ ಒಂದು ಬಸ್ಸು ಕಣೇ. ದೊಡ್ಡದು. ಮಕ್ಕಳೆಲ್ಲ ಹತ್ತುತ್ತಾರೆ. ಕೊನೇ ಸ್ಟಾಪಲ್ಲಿ ನಾನು ನಿಂತಿರ್ತೀನಿ."

ಅವಳ ಮುಖ ಅರಳಿತು. ಅಲ್ಲಿಂದ ದಿನಾ ಸ್ಕೂಲು-ಬಸ್ಸಿನ ಆಟ. ಅಳಿಯ, "ಮಾವ, ನೀವು ಟೀಚರ್ ಆಗ್ಬೇಕಿತ್ತು" ಅಂದ. ನಾನೂ ಉಬ್ಬಿದೆ.

ಜೂನ್ 3, ಸೋಮವಾರ

ಮೊದಲ ದಿನ. ಗೇಟಿನ ಬಳಿ ಮಕ್ಕಳ ಅಳು ಮುಗಿಲು ಮುಟ್ಟಿತ್ತು. ನಮ್ಮವಳ ಕಣ್ಣಲ್ಲಿ ಹನಿ ನೀರಿಲ್ಲ. ಚೀಲ ಏರಿಸಿಕೊಂಡು ಗಟ್ಟಿ ಹೆಜ್ಜೆ ಹಾಕಿ ಒಳಗೆ ಹೋದಳು. ಮಗಳು ನನ್ನ ಕೈ ಹಿಡಿದು, "ಥ್ಯಾಂಕ್ಸ್ ಅಪ್ಪ" ಅಂದಳು.

ಮನೆ ತಲುಪುವಷ್ಟರಲ್ಲಿ ಫೋನು. ಸ್ಕೂಲಿನ ಮಿಸ್.

"ನಿಮ್ಮ ಮೊಮ್ಮಗಳು ಬಾಗಿಲಲ್ಲೇ ನಿಂತಿದ್ದಾಳೆ. ಟಿಕೆಟ್ ಇಲ್ದೆ ಯಾರನ್ನೂ ಒಳಗೆ ಬಿಡ್ತಿಲ್ಲ. ಈಗ ಒಳಗಿರೋರನ್ನ ಹೊರಗೂ ಬಿಡ್ತಿಲ್ಲ. ಒಬ್ಬನಿಗೆ ಅರ್ಜೆಂಟಾಗಿದೆ, ದಯವಿಟ್ಟು ಬನ್ನಿ."

ಓಡಿದೆ. ದಾರಿಯಲ್ಲಿ ಅರ್ಥವಾಯಿತು. ಇಷ್ಟು ದಿನದ ಆಟದಲ್ಲಿ ಪ್ರಯಾಣಿಕನಾಗಿ ಕೂತವನು ನಾನೊಬ್ಬನೇ. ಅವಳು ಒಮ್ಮೆಯೂ ಸೀಟಿನಲ್ಲಿ ಕೂತಿಲ್ಲ. ಬಸ್ಸು ನಡೆಸುವುದು ಕಲಿಸಿದೆ, ಬಸ್ಸಿನಲ್ಲಿ ಕೂರುವುದು ಕಲಿಸಲೇ ಇಲ್ಲ.

ಜೂನ್ 4

ಇವತ್ತೂ ಅದೇ. ಆಯಾ ಎತ್ತಿ ಒಳಗೆ ಕೂರಿಸಿದರೆ ಗಂಟಲು ಕಟ್ಟುವವರೆಗೆ ಅತ್ತಿದ್ದಾಳೆ. ಮಿಸ್ ಒಳ್ಳೆಯವರು, ಆದರೆ ಖಡಾಖಂಡಿತ. "ಈ ವಾರ ನೋಡೋಣ. ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಕರ್ಕೊಂಡು ಬನ್ನಿ."

ಮಗಳು ಊಟದ ತಟ್ಟೆ ಮುಂದೆ ಕೂತು ಅತ್ತಳು. "ಪಾರ್ಕಲ್ಲೂ ಒಂಟಿ, ಇಲ್ಲೂ ಒಂಟಿ. ಏನ್ ಮಾಡ್ಲಿ ಅಪ್ಪ?"

ಸಮಾಧಾನ ಹೇಳಿದೆ. ಆದರೆ ಒಳಗೆ — ಬರೆದೇಬಿಡುತ್ತೇನೆ, ಯಾರು ಓದುತ್ತಾರೆ — ಮುಂದಿನ ವರ್ಷ ಅಂದಾಗ ನನಗೆ ಖುಷಿಯಾಯಿತು. ಇನ್ನೊಂದು ವರ್ಷ ಬಸ್ಸು ಓಡುತ್ತದೆ. ನಾನು ಏನೂ ಮಾಡಬೇಕಿಲ್ಲ. ಸುಮ್ಮನಿದ್ದರೆ ಸಾಕು.

ಜೂನ್ 5, ಮಧ್ಯಾಹ್ನ

ಸ್ಕೂಲಿನ ಹಿಂಬದಿ ಕಿಟಕಿಯಿಂದ ಇಣುಕಿದೆ. ಮಕ್ಕಳೆಲ್ಲ ಗುಂಡಗೆ ಕೂತು ಮರದ ತುಂಡು ಜೋಡಿಸುತ್ತಿದ್ದರು. ಚಿಲ್ಲರೆ ಬಾಗಿಲಲ್ಲಿ. ಎರಡು ಜಡೆಯ ಹುಡುಗಿಯೊಬ್ಬಳು ಕಟ್ಟಿದ್ದು ಬಿತ್ತು, ಎಲ್ಲರೂ ಹೋ ಅಂತ ನಕ್ಕರು. ಚಿಲ್ಲರೆಯೂ ನಕ್ಕಳು. ಒಂದು ಕಾಲು ಮುಂದಿಟ್ಟಳು. ಆಮೇಲೆ ಚೀಲ ಮುಟ್ಟಿ ನೋಡಿಕೊಂಡು, ಹಿಂದೆ ಸರಿದು ಬಾಗಿಲಿಗೆ ಅಂಟಿ ನಿಂತಳು.

ಡ್ಯೂಟಿ ಬಿಟ್ಟು ಕದಲಬಾರದು. ಯಾರು ಹೇಳಿಕೊಟ್ಟದ್ದು?

ಅವಳಿಗೆ ಹೋಗುವ ಆಸೆ ಇದೆ. ಹೋಗುವುದು ಹೇಗೆಂದು ಗೊತ್ತಿಲ್ಲ, ಅಷ್ಟೇ.

ರಿಟೈರ್ ಆದ ದಿನ ನೆನಪಾಯಿತು. ಡಿಪೋದಲ್ಲಿ ಚಾರ್ಜ್ ಕೊಟ್ಟೆ. ಟಿಕೆಟ್ಟು, ಸೀಟಿ ಎಲ್ಲ ಹೊಸಬನ ಕೈಗೆ. ಅದೇ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮನೆಗೆ ಬಂದೆ. ದಿನಾ ಓಡಾಡಿದ ರಸ್ತೆ. ಬಣ್ಣದ ಅಂಗಡಿಯ ಮೇಲೊಂದು ಬಾಲ್ಕನಿ ಇದೆ, ಅಲ್ಲೊಬ್ಬಳು ಮುದುಕಿ ಪಾರಿವಾಳಕ್ಕೆ ಕಾಳು ಹಾಕುತ್ತಾಳೆ ಅಂತ ಅವತ್ತೇ ಕಂಡದ್ದು. ಜನರ ಮುಖ ನೋಡಿ ನೋಡಿ ರಸ್ತೆಯನ್ನೇ ನೋಡಿರಲಿಲ್ಲ.

ಜೂನ್ 6

ಬೆಳಿಗ್ಗೆ ಹಾಲು ಕುಡಿಸುತ್ತ ಶುರು ಮಾಡಿದೆ. "ಕಂಡಕ್ಟರ್‌ಗೂ ಡ್ಯೂಟಿ ಮುಗಿಯತ್ತೆ ಗೊತ್ತಾ?"

"ಆಮೇಲೆ?"

"ಚಾರ್ಜ್ ಕೊಡೋದು. ಚೀಲ ಬೇರೆಯವರ ಕೈಗೆ ಕೊಟ್ಟು, ಎಲ್ಲರ ಜೊತೆ ಆರಾಮಾಗಿ ಕೂತ್ಕೊಳ್ಳೋದು. ಕಿಟಕಿ ನೋಡ್ಬಹುದು. ಪಕ್ಕದವರ ಜೊತೆ ಮಾತಾಡ್ಬಹುದು. ಕಂಡಕ್ಟರ್ ಹಂಗೆಲ್ಲ ಹರಟೆ ಹೊಡೆಯೋ ಹಾಗಿಲ್ಲ."

ಲೋಟ ಕೆಳಗಿಟ್ಟಳು. ತುಟಿಯ ಮೇಲೆ ಹಾಲಿನ ಮೀಸೆ. "ಅವರು ಟಿಕೆಟ್ ಸರಿಯಾಗಿ ಕೊಡ್ತಾರಾ?"

ಅವತ್ತು ಡಿಪೋದಲ್ಲಿ ನನಗೂ ಇದೇ ಚಿಂತೆ. ಬಾಯಿಬಿಟ್ಟು ಕೇಳಿರಲಿಲ್ಲ.

"ತಪ್ಪು ಮಾಡ್ತಾರೆ. ಆದ್ರೂ ಬಸ್ಸು ಹೋಗತ್ತೆ ಪುಟ್ಟಿ."

ಗೇಟಿನಲ್ಲಿ ಮಿಸ್‌ಗೆ ಎರಡು ಮಾತು ಹೇಳಿದೆ. ಜಾಣೆ, ನಗಲಿಲ್ಲ. ಎರಡೂ ಕೈಯಲ್ಲಿ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿ ನೆಟ್ಟಗೆ ನಿಂತರು. ಚಿಲ್ಲರೆ ಅವರನ್ನು ಮೇಲಿಂದ ಕೆಳಗೆ ನೋಡಿದಳು, ಪಟ್ಟಿ ಸರಿ ಮಾಡಿದಳು. ಆಮೇಲೆ ಬರಿ ಹೆಗಲಲ್ಲಿ ಒಳಗೆ ಹೋಗಿ ಎರಡು ಜಡೆಯ ಪಕ್ಕ ಕೂತುಬಿಟ್ಟಳು.

ಚಾರ್ಜ್ ಕೊಡಿಸಿದ್ದು ನಾನೇ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡು ಬಂದೆ.

ಜೂನ್ 16, ಭಾನುವಾರ

ಹತ್ತು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ — ಅಂದರೆ ಎಲ್ಲ ಚೆನ್ನಾಗಿದೆ. ಮಗಳು ನಗುತ್ತಾಳೆ. ಚಿಲ್ಲರೆಯ ಬಾಯಲ್ಲಿ ಬೆಳಗಿಂದ ಸಂಜೆತನಕ ಎರಡು ಜಡೆ ಹಾಗಂದಳು, ಎರಡು ಜಡೆ ಹೀಗಂದಳು. ಸದ್ಯ, ಇನ್ನೂ ಯಾರ ಮಂಡಿ ನೋವನ್ನೂ ವಿಚಾರಿಸಿಲ್ಲವಂತೆ.

ಇವತ್ತು ರಜೆ ಅಂತ ನಾನೇ ಕುರ್ಚಿ ಸಾಲು ಮಾಡಿದೆ. "ಯಾರ್ರೀ ಅದು, ಬೇಗ ಹತ್ತಿ!"

ಬಂದು ನೋಡಿದಳು. "ಅಜ್ಜ, ಅದು ಬಸ್ಸಲ್ಲ. ಕುರ್ಚಿ."

ಕೊಂಕಿಲ್ಲ, ಏನಿಲ್ಲ. ಗೊತ್ತಿಲ್ಲದವನಿಗೆ ತಿಳಿಸಿದ ಹಾಗೆ. ಆಡಿದ ಮೇಲೆ ಎಲ್ಲವನ್ನೂ ಅದರ ಜಾಗದಲ್ಲಿ ಇಡಬೇಕಂತೆ, ಮಿಸ್ ಹೇಳಿದ್ದಾರೆ. ಒಂದೊಂದೇ ಕುರ್ಚಿ ಎಳೆದು ಗೋಡೆಗೆ ಸೇರಿಸಿದಳು. ಭಾರದ್ದಕ್ಕೆ ನಾನೂ ಕೈ ಕೊಟ್ಟೆ.

ಜೂನ್ 24

ಅವಳನ್ನು ಸ್ಕೂಲಿಗೆ ಬಿಟ್ಟು ಬಂದು ಕೂತಿದ್ದೇನೆ. ಪೆನ್ನು ಎಳೆಯುವವರಿಲ್ಲ. ಪುಟಗಟ್ಟಲೆ ಬರೆಯಬಹುದು. ಅವಳು ಬೇಕು ನನಗೆ. ಅವಳಿಗೆ ಒಳ್ಳೆಯದಾಗಿದೆ ಅಂತ ಗೊತ್ತು, ಆದರೂ ಬೇಕು.

ಇವತ್ತು ಗೇಟಿನ ಬಳಿ ಕೈ ಬಿಡಿಸಿಕೊಂಡು ಓಡಿದವಳು ಅರ್ಧದಿಂದ ವಾಪಸ್ ಬಂದಳು. ಮುತ್ತು ಕೊಡುತ್ತಾಳೇನೋ ಅಂತ ಬಗ್ಗಿದೆ.

"ಅಜ್ಜ, ನೀನು ಒಬ್ನೇ ಮನೇಲಿ ಏನ್ ಮಾಡ್ತೀಯ?"

"ಬರೀತೀನಿ."

"ಏನಂತ?"

"ಚಿಲ್ಲರೆ ಇವತ್ತು ಏನೇನ್ ಮಾಡಿದ್ಲು ಅಂತ."

"ನಾನು ಅಲ್ಲಿ ಇರಲ್ವಲ್ಲ!" ಅಂದಳು. ನಗು ಬಂತು ಅವಳಿಗೆ. ಓಡಿಹೋದಳು.

ಇರಲಿ, ಕಾಣದಿದ್ದರೂ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಗೇಟಿನ ಒಳಗೆ ಹೋದ ಮೇಲೆ ಚಿಲ್ಲರೆ...