ಬದುವಿನ ಕಾವಲಿಗೆ ಕೂತ ಅಪ್ಪನಿಗೆ

ಅಪ್ಪಾ,

ನಿನ್ನೆ ಮಧ್ಯಾಹ್ನ ಮೋರಟಗಿಯ ಹೊಲದಲ್ಲಿ, ನಿನ್ನ ಬೇವಿನ ನೆರಳಿಗೆ ನನಗೆ ಕಣ್ಣು ಹತ್ತಿತ್ತು. ಮೊಣಕಾಲೆತ್ತರದ ಜೋಳ ಬಿಸಿಲಲ್ಲಿ ನೀರಿನಂತೆ ಹೊಯ್ದಾಡುತ್ತಿತ್ತು. ನಿದ್ದೆಯೋ ಎಚ್ಚರವೋ, ನೀನು ಮಗ್ಗುಲಲ್ಲೇ ಕೂತು ಕೆಮ್ಮಿದಂತಾಯಿತು. ಏನು ಕೇಳಲು ಬಂದಿದ್ದೆಯೆಂದು ಗೊತ್ತು ಬಿಡು. ಬದು ಏನಾಯಿತು, ಅಷ್ಟೇ ತಾನೇ?

ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು ಹೇಳಿದ್ದು ನೆನಪಿದೆಯೇ? "ಬದುವಿನ ಬೇವಿನ ಗಿಡದ ಬುಡಕ್ಕ ನನ್ನ ಕುಂದ್ರಸವ್ವಾ. ಶಿವಲಿಂಗಪ್ಪ ಹ್ಯಾಂಗ ಕಲ್ಲು ಸರಸ್ತಾನ, ನೋಡೇಬಿಡ್ತೇನಿ." ಪಕ್ಕದ ಹೊಲದ ಶಿವಲಿಂಗಪ್ಪ ಕಾಕಾ ಕುಂಟೆ ಹೊಡೆದಾಗಲೆಲ್ಲ ಬೆರಳಷ್ಟು ಬದು ಕಡಿಯುತ್ತಾರೆಂದು ಜೀವಮಾನವಿಡೀ ಕಾದಾಡಿದವನು ನೀನು. ಸತ್ತ ಮೇಲೂ ಕಾವಲೇ? ಹೇಗೂ ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದಲ್ಲವೇ, ನೀನು ತೋರಿಸಿದ ಜಾಗದಲ್ಲೇ ಕೂರಿಸಿದೆವು.

ಆಮೇಲೆ ಗಡಿ ಅಳೆಸಲು ಸಿಂದಗಿಯ ಸರ್ವೆ ಕಚೇರಿಗೆ ಹೋಗಿ ಅರ್ಜಿ ಕೊಟ್ಟ ದಿನ ನನ್ನ ಜಂಬ ನೋಡಬೇಕಿತ್ತು. ಇನ್ನು ಕಾಕಾನ ಬಣ್ಣ ಬಯಲಾಗುತ್ತದೆಂದು ಊರಿಗೆಲ್ಲ ಸಾರಿದ್ದೆ. ಸರ್ವೆಯವರು ಬಂದು ಅಳೆದರು. ಹೊಸ ಕಲ್ಲು ನೆಟ್ಟಿದ್ದು ಬೇವಿನಿಂದ ನಾಲ್ಕು ಮಾರು ನಮ್ಮ ಹೊಲದ ಒಳಕ್ಕೆ. ಒತ್ತಿದ್ದವರು ನಾವೇ, ಅಪ್ಪಾ. ನೀನು ಕೂತಿರುವುದು ಅವರ ನೆಲದಲ್ಲಿ. ನಾಚಿಕೆಗಿಂತ ನನಗೆ ಹೆದರಿಕೆಯೇ ಹೆಚ್ಚಾಯಿತು. ಸಮಾಧಿ ತೆಗೆಯಿರಿ ಎಂದು ಅವರು ಹಟ ಹಿಡಿದರೆ ನಿನ್ನನ್ನು ಎಲ್ಲಿಗೆ ಒಯ್ಯಲಿ...

ಮರುದಿನ ಅವರ ಮನೆಗೆ ಹೋದಾಗ ಕಾಕಾ ಹೊರಸಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದರು. "ಆ ನಾಲ್ಕು ಮಾರಿನ ಬದಲಿ ಬ್ಯಾರೆ ಕಡೆ ಎಂಟು ಮಾರು ತಗೋರಿ ಕಾಕಾ. ಅಪ್ಪನ್ನ ಮಾತ್ರ ಎಬ್ಬಸಬ್ಯಾಡ್ರಿ," ಎಂದೆ. ಹೇಳುತ್ತಲೇ ಅತ್ತುಬಿಟ್ಟೆ.

ಅವರು ಎದ್ದು ಹೋಗಿ ಬಾಯೊಳಗಿನ ಎಲೆ ಅಡಿಕೆ ಉಗುಳಿ ಬಂದರು. ಆಮೇಲೆ, "ನಿನ್ನ ಬದಲಿ ಯಾರಿಗೆ ಬೇಕಾಗೇತಿ? ಬದುಕಿರೂತನಾ ನನಗ ಕಳ್ಳ ಅಂದಾನ ನಿಮ್ಮಪ್ಪ. ಕುಂದರಲಿ ಅಲ್ಲೇ. ಆದರ ಯಾರ ಹೊಲದಾಗ ಕುಂತೇನಿ ಅನ್ನೂದು ಅವಂಗ ತಿಳೀಬೇಕು. ಅದನ್ನ ನೀನ ಹೇಳಬೇಕು ನೋಡವ್ವಾ," ಎಂದರು.

ಅದಕ್ಕೇ ಈ ಕಾಗದ. ಹೇಳಿದ್ದೇನೆ, ಅಪ್ಪಾ. ನಿನ್ನ ಪರವಾಗಿ ಅವರ ಕಾಲು ಮುಟ್ಟಿ ತಪ್ಪಾಯಿತು ಎಂದೂ ಹೇಳಿದ್ದೇನೆ. ಸಿಟ್ಟು ಬಂತೇ? ಬರಲಿ. ಈ ಸಲ ಬಿತ್ತುವಾಗ ಕಾಕಾ ನೀನು ಕೂತ ಜಾಗ ತಪ್ಪಿಸಿ ಕೂರಿಗೆ ಹೊಡೆದಿದ್ದಾರೆ, ಸುತ್ತ ಎರಡು ಸಾಲು ನೆಲ ಖಾಲಿ ಬಿಟ್ಟಿದ್ದಾರೆ. ಬಿಡಿರೆಂದು ನಾನು ಕೇಳಿರಲಿಲ್ಲ.

ನಿನ್ನ ಮಗಳು,
ಗೌರವ್ವ