ಹುಳುಮನೆಯ ಹೀಟರ್ ಸ್ವಿಚ್ಚು

ಮಂಡಿಕಲ್
11-1-2025, ಶನಿವಾರ

ಪ್ರೀತಿಯ ಪವಿತ್ರಮ್ಮಾ,

ಹೇಗಿದ್ದೀಯಮ್ಮ? ಒಣಕೆಮ್ಮು ಕಡಿಮೆಯಾಯಿತಾ? ಊರಿಗೆ ಹೊರಟ ದಿನ ಬಸ್ಸು ಹತ್ತುವಾಗಲೂ ಕೆಮ್ಮುತ್ತಲೇ ಇದ್ದೆ ಅಂತ ನಿನ್ನ ಗಂಡ ಮುರಳಿ ಹೇಳಿದ. ಬೆಳಿಗ್ಗೆ ಎದ್ದ ತಕ್ಷಣ ತಣ್ಣೀರಿಗೆ ಕೈ ಇಡಬೇಡ. ನಿಮ್ಮಪ್ಪನವರ ಮಂಡಿನೋವು ಹೇಗಿದೆ ಅಂತ ನಾನು ಕೇಳಿದೆ ಎಂದು ಹೇಳು. ನಿಮ್ಮಮ್ಮನವರಿಗೂ ನನ್ನ ನಮಸ್ಕಾರ ತಿಳಿಸು. ಇಲ್ಲಿ ನಿಮ್ಮ ಮಾವ ಚೆನ್ನಾಗಿದ್ದಾರೆ, ಅಂದರೆ ದಿನಾ ಗೊಣಗುತ್ತಿದ್ದಾರೆ. ನೀನು ಹೋದ ಮೇಲೆ ಕಾಫಿಗೆ ರುಚಿಯೇ ಇಲ್ಲವಂತೆ. ನಲವತ್ತು ವರ್ಷ ನನ್ನ ಕಾಫಿ ಕುಡಿದ ಬಾಯಿ ಅದು, ಈಗ ನೋಡು. ಅವರೆಕಾಯಿಗೆ ಸೊಗಡು ಬಂದಿದೆ. ನಿನ್ನೆ ಹಿದುಕಿದ ಬೇಳೆ ಸಾರು ಮಾಡಿದ್ದೆ. ನಿನಗಿಷ್ಟ ಅಂತ ನೆನಪಾಗಿ ಯಾರಿಗೂ ಎರಡನೇ ಸಲ ಬಡಿಸಲಿಲ್ಲ. ಯಾಕಮ್ಮ ಅಂತ ಮುರಳಿ ಕೇಳಿದ, ನಾನು ಪಾತ್ರೆ ಮುಚ್ಚಿಟ್ಟೆ.

ಫೋನ್ ಇರುವಾಗ ಕಾಗದ ಯಾಕೆ ಅನ್ನುತ್ತೀಯ. ನನ್ನ ಹೆಸರು ಬಂದರೆ ನೀನು ಫೋನನ್ನು ನಿಮ್ಮಮ್ಮನ ಕೈಗೆ ಕೊಡುತ್ತೀಯ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ನೀನು ಎತ್ತಿದರೂ ಅಷ್ಟೇ, ನನ್ನ ಬಾಯಿ ಎಂಥದ್ದು ಅಂತ ನಿನಗೆ ಗೊತ್ತು. ಕ್ಷಮೆ ಕೇಳಲು ಶುರು ಮಾಡಿ ಜಗಳದಲ್ಲಿ ಮುಗಿಸುವ ಬಾಯಿ ಇದು. ಕಾಗದದಲ್ಲಾದರೆ ಬರೆದದ್ದು ಸರಿ ಕಾಣದಿದ್ದರೆ ಹರಿದು ಇನ್ನೊಂದು ಹಾಳೆ ತೆಗೆದುಕೊಳ್ಳಬಹುದು. ಇದು ಮೂರನೇ ಹಾಳೆ. ನನ್ನ ಅಕ್ಷರ ನೋಡಿ ನಗಬೇಡ, ಏಳನೇ ಕ್ಲಾಸಿನಲ್ಲಿ ದುಂಡಗಿತ್ತು, ಈಗ ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸಿ ಕತ್ತರಿಸಿ ಕೈ ಹೀಗಾಗಿದೆ.

ಮಕ್ಕಳಿಗೆ ಕಂಪ್ಯೂಟರಿನಲ್ಲೇ ಪಾಠ ಹೇಳುವ ಆ ಕೆಲಸದವರು ನಿನಗೆ ಇನ್ನೊಂದು ಸಲ ಇಪ್ಪತ್ನಾಲ್ಕನೇ ತಾರೀಖು ಇಂಟರ್‌ವ್ಯೂ ಕೊಟ್ಟಿದ್ದಾರಂತೆ. ಮುರಳಿ ಹೇಳಿದ. ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು. ಆದರೆ ನೀನು ಬೇಡ ಅಂದೆಯಂತೆ. “ನಂದು ಕೈಗುಣ ಸರಿಯಿಲ್ಲ ಬಿಡ್ರಿ, ಮತ್ತೆ ಅದೇ ಆಗುತ್ತೆ” ಅಂದೆಯಂತೆ. ಅದೂ ಸಾಲದು ಅಂತ ನಿಮ್ಮಮ್ಮ ಇನ್ನೊಂದು ಮಾತು ಹೇಳಿದರು. ನೀನು ಈಗ ಹಾಲಿಗೆ ಹೆಪ್ಪು ಹಾಕುವುದಕ್ಕೂ ನಿನ್ನ ಅತ್ತಿಗೆಯನ್ನು ಕರೆಯುತ್ತೀಯಂತೆ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ ಕಣೇ. ಆ ಮಾತನ್ನು ನಿನ್ನ ತಲೆಗೆ ಹಾಕಿದವಳು ನಾನು. ಅದನ್ನು ತೆಗೆಯಬೇಕಾದವಳೂ ನಾನೇ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳದೆ ಓದು.

ನಿಮ್ಮಪ್ಪ ಕೊಡಿಸಿದ ಆ ಕಂಪ್ಯೂಟರ್ ಒಂದೂವರೆ ವರ್ಷ ಒಂದು ದಿನವೂ ತೊಂದರೆ ಕೊಡಲಿಲ್ಲ. ಕಾರ್ತಿಕ ಕಳೆದು ಚಳಿ ಹಿಡಿಯಿತು ನೋಡು, ಅಲ್ಲಿಂದ ಶುರು. ನೀನು ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಪಾಠ ಟೈಪ್ ಮಾಡುತ್ತಿರುತ್ತೀಯ, ಇದ್ದಕ್ಕಿದ್ದಂತೆ ಪರದೆ ಕಪ್ಪಾಗುತ್ತದೆ, ಮತ್ತೆ ತಾನೇ ಎದ್ದು ಮೊದಲಿನಿಂದ ಶುರುವಾಗುತ್ತದೆ. ದಿನಕ್ಕೆ ನಾಲ್ಕು ಸಲ, ಐದು ಸಲ. ಮುರಳಿ ಅದನ್ನು ಬೈಕಿನಲ್ಲಿ ಕಟ್ಟಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಿ ನರಸಿಂಹಮೂರ್ತಿಯ ಅಂಗಡಿಗೆ ಕೊಟ್ಟ. ಆತ ಪೆಟ್ಟಿಗೆ ಬಿಚ್ಚಿ ಧೂಳು ಊದಿದ, ಒಳಗಿನ ಕರೆಂಟ್ ಡಬ್ಬಿ ಬದಲಾಯಿಸಿದ, ನಾಲ್ಕು ದಿನ ಹಗಲೆಲ್ಲ ಓಡಿಸಿ ನೋಡಿದ. ಒಂದು ಸಲವೂ ಆರಲಿಲ್ಲ. ಮನೆಗೆ ತಂದು ಒಂದು ಗಂಟೆಯಾಗಿಲ್ಲ, ಮತ್ತೆ ಅದೇ ಕಥೆ. “ಅಮ್ಮಾ, ಪೆಟ್ಟಿಗೇಲಿ ಏನೂ ಇಲ್ಲ, ನಿಮ್ಮನೆ ಲೈನು ಒಂದ್ಸಲ ನೋಡಿಸಿ, ಆಗದಿದ್ರೆ ಒಂದು ಯುಪಿಎಸ್ ಹಾಕಿಸ್ಕೊಳ್ಳಿ” ಅಂತ ಪಾಪ ಆತ ಫೋನಿನಲ್ಲಿ ನನಗೇ ಹೇಳಿದ. ಅವನ ಸಾಮಾನು ಮಾರಿಕೊಳ್ಳಲು ಹೇಳುವ ಮಾತು ಅಂತ ನಾನು ಫೋನ್ ಇಟ್ಟುಬಿಟ್ಟೆ. ನಿಮಗ್ಯಾರಿಗೂ ಹೇಳಲೂ ಇಲ್ಲ.

ಹೇಳದೆ ನಾನು ಮಾಡಿದ್ದೇನು? ನಿಂಬೆಹಣ್ಣು ಇಳಿಸಿದೆ. ಕಂಪ್ಯೂಟರಿಗೆ ಕುಂಕುಮ ಇಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಗುವ ಮಾತಾಗುತ್ತಿತ್ತು. ಪಕ್ಕದ ಮನೆ ಗಂಗುಲಮ್ಮನ ಮುಂದೆ, ನೀನು ಒಳಗೆ ಪಾತ್ರೆ ತೊಳೆಯುತ್ತಿದ್ದೀಯ ಅಂತ ಗೊತ್ತಿದ್ದೂ, ಅಂಗಡಿಯಲ್ಲಿ ಓಡೋದು ಮನೆಯಲ್ಲಿ ಓಡಲ್ಲ ಅಂದ್ರೆ ಅದನ್ನ ಮುಟ್ಟೋ ಕೈ ಎಂಥದ್ದು ಅಂತ ನೋಡಬೇಕಲ್ವಾ ಅಂತ ನಾನೇ ಅಂದೆ. ಒಳಗೆ ಪಾತ್ರೆಯ ಸದ್ದು ನಿಂತುಹೋಯಿತು. ನನಗೆ ಕೇಳಿಸಿತು.

ಹುಳು ಸಾಕುವ ಮನೆಯಲ್ಲಿ ಕೈಗುಣದ ಮಾತು ಎಷ್ಟು ದೊಡ್ಡದು ಅಂತ ನಿನಗೆ ನಮ್ಮ ಮನೆಗೆ ಬಂದ ಮೇಲೆ ತಿಳಿಯಿತು. ಯಾರ ಕೈಗುಣ ಚೆನ್ನಾಗಿಲ್ಲವೋ ಅವರು ಹುಳುವಿಗೆ ಸೊಪ್ಪು ಹಾಕುವ ಹಾಗಿಲ್ಲ, ಹೊಸ್ತಿಲಲ್ಲೇ ನಿಲ್ಲಬೇಕು. ನೀನು ಬಂದ ಹೊಸದರಲ್ಲಿ ಹುಳುಗಳಿಗೆ ಜ್ವರ ಅಂತ ನಿಮ್ಮ ಮಾವ ಹೇಳಿದ್ದಕ್ಕೆ ಹೆದರಿ, ಡಾಕ್ಟರ್ ಕರೆಸಬೇಕಾ ಅಂತ ಕೇಳಿದ್ದೆ. ಪೊರೆ ಬಿಡಲು ಮೇವು ಬಿಟ್ಟು ಸುಮ್ಮನೆ ಕೂತಿವೆ, ಅದನ್ನೇ ನಾವು ಜ್ವರ ಅನ್ನೋದು ಅಂತ ಹೇಳಿ ನಾವೆಲ್ಲ ಎಷ್ಟು ನಕ್ಕಿದ್ದೆವು. ಆರು ತಿಂಗಳಾಗುವಷ್ಟರಲ್ಲಿ ಯಾವ ತಟ್ಟೆ ಜ್ವರ ಬಿಟ್ಟೆದ್ದಿದೆ, ಯಾವುದಕ್ಕೆ ಇನ್ನೂ ಹೊತ್ತಿದೆ ಅಂತ ಬಾಗಿಲಲ್ಲಿ ನಿಂತೇ ಹೇಳುವವಳಾದೆ. ನನಗೆ ಅದು ಬರಲು ಹತ್ತು ವರ್ಷ ಬೇಕಾಯಿತು.

ನೀನು ಮಾತ್ರ ನಿಂಬೆಹಣ್ಣು ನಂಬಲಿಲ್ಲ. ಒಂದು ಪುಸ್ತಕ ಇಟ್ಟುಕೊಂಡು, ಕಂಪ್ಯೂಟರ್ ಆರಿದಾಗಲೆಲ್ಲ ಎಷ್ಟು ಗಂಟೆ, ಆಗ ಮನೆಯಲ್ಲಿ ಏನೇನು ನಡೆಯುತ್ತಿತ್ತು ಅಂತ ಬರೆಯುತ್ತಾ ಹೋದೆ. ಹೋದ ತಿಂಗಳು ಹದಿನೇಳನೇ ತಾರೀಖು ಸಾಯಂಕಾಲ ಆ ಪುಸ್ತಕ ಹಿಡಿದು ನನ್ನ ಹತ್ತಿರ ಬಂದೆ. “ಅತ್ತೆ, ಹುಳುಮನೆ ಹೀಟರ್ ಟಕ್ ಅಂತ ಹೊತ್ತಿಕೊಂಡಾಗ್ಲೆಲ್ಲ ಹಾಲ್ ಲೈಟ್ ಮಂಕಾಗುತ್ತೆ, ಅದೇ ಹೊತ್ತಿಗೆ ಇದೂ ಆರುತ್ತೆ ಅನ್ಸುತ್ತೆ. ನಾಡಿದ್ದು ಹನ್ನೊಂದರಿಂದ ಹನ್ನೆರಡು ಇದರಲ್ಲೇ ಇಂಟರ್‌ವ್ಯೂ ಇದೆ. ಆ ಒಂದು ಗಂಟೆ ಹೀಟರ್ ಆಫ್ ಮಾಡಿರ್ತೀರಾ? ಒಳಗೆ ಕೆಂಡದ ಬಾಣಲೆ ನಾನೇ ಇಟ್ಕೊಡ್ತೀನಿ” ಅಂದೆ. ಆಗಲಿ ಅಂದೆ ನಾನು. ಬಾಯಿಬಿಟ್ಟು ಅಂದೆ.

ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ನೀನು ಸ್ನಾನ ಮಾಡಿ, ಆ ಹಸಿರು ಸೀರೆ ಉಟ್ಟು, ನನ್ನ ಕಾಲಿಗೆ ನಮಸ್ಕಾರ ಮಾಡಿ ಕೂತೆ. ಹೇಳಿದ ಹಾಗೆ ನೀನೇ ಕೆಂಡ ಇಟ್ಟಿದ್ದೆ. ನಾನು ಸ್ವಿಚ್ ಆಫ್ ಮಾಡಿದ್ದೆ. ಹನ್ನೊಂದೂ ಇಪ್ಪತ್ತಕ್ಕೆ ನಾನು ಒಳಗೆ ಹೋದಾಗ ಹುಳುಗಳಿಗೆ ಚಳಿಯಾಯಿತೇನೋ ಅನ್ನಿಸಿ ಹೀಟರ್ ಹಾಕಿಬಿಟ್ಟೆ ಪವಿತ್ರಾ. ಹಾಲ್‌ನಲ್ಲಿ ನಿನ್ನ ಮಾತು ಅರ್ಧಕ್ಕೆ ನಿಂತಿತು. ತಕ್ಷಣ ಮತ್ತೆ ಆಫ್ ಮಾಡಿದೆ. ನೀನು ಓಡಿಬಂದು, “ಅತ್ತೆ, ಹೀಟರ್ ಹಾಕಿದ್ರಾ?” ಅಂತ ಕೇಳಿದಾಗ ನಾನು ಮುಟ್ಟೇ ಇಲ್ಲ ಅಂದೆ. ನೀನು ಸ್ವಿಚ್ ನೋಡಿದೆ, ಅದು ಆಫ್ ಆಗಿಯೇ ಇತ್ತು. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹೇಳಿದ್ದು ನೆನಪಿಲ್ಲ. ಕಂಪ್ಯೂಟರ್ ಮತ್ತೆ ಎದ್ದು ನೀನು ಅವರನ್ನು ಹಿಡಿಯುವಷ್ಟರಲ್ಲಿ ಆ ಕಡೆಯವರು ಬೇರೆಯವರನ್ನು ಕರೆದಾಗಿತ್ತು. ನೀನು ಅಳುತ್ತಾ ಕೂತಿದ್ದಾಗ ನಾನು, “ಹೀಟರ್ ಅಲ್ಲ ಅಂತ ಈಗ್ಲಾದ್ರೂ ಗೊತ್ತಾಯ್ತಾ? ಎಲ್ಲಾ ನಿನ್ನ ಕೈಗುಣ” ಅಂದೆ. ಮುರಳಿ ಎದುರಿಗೇ ಅಂದೆ. ಆಮೇಲೆ ನೀನು ಮೂರು ದಿನ ಹುಳುಮನೆಯ ಹೊಸ್ತಿಲು ದಾಟಲಿಲ್ಲ. ನಾಲ್ಕನೇ ದಿನ ಊರಿಗೆ ಹೋದೆ.

ಕಾಕತಾಳೀಯ ಇರಬಹುದು ಅಂತ ನನಗೆ ನಾನೇ ಹೇಳಿಕೊಳ್ಳುತ್ತಾ ಹದಿನೈದು ದಿನ ತಳ್ಳಿದೆ. ಹೊಸ ವರ್ಷದಲ್ಲಿ ಮುಂದಿನ ಬೆಳೆಯ ಹುಳು ತಂದೆವು, ಹೀಟರ್ ಮತ್ತೆ ಹೊತ್ತಿತು. ಸೋಮವಾರ ಮುರಳಿ ಕಂಪ್ಯೂಟರ್ ಹಾಕಿಟ್ಟು ತೋಟಕ್ಕೆ ಹೋಗಿದ್ದ. ನಾನು ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಯಾರ ಕೈಯೂ ಅದರ ಮೇಲಿರಲಿಲ್ಲ. ನನ್ನ ಕಣ್ಣೆದುರಿಗೇ ಆರಿತು, ಮತ್ತೆ ತಾನೇ ಎದ್ದಿತು. ನಾನು ಎದ್ದುಹೋಗಿ ಮೇಜಿನ ಡ್ರಾಯರಿನಲ್ಲಿ ನೀನು ಬಿಟ್ಟುಹೋದ ಪುಸ್ತಕ ತೆಗೆದೆ. ಕೊನೆಯ ಪುಟದಲ್ಲಿ ಒಂದರ ಕೆಳಗೊಂದು ಬರೆದಿದ್ದೀಯ. ಧೂಳು, ಹೊಡೆದು ಹಾಕಿದೆ. ಕರೆಂಟ್ ಡಬ್ಬಿ, ಹೊಡೆದು ಹಾಕಿದೆ. ವೈರಸ್, ಹೊಡೆದು ಹಾಕಿದೆ. ಹೀಟರ್, ಅದನ್ನೂ ಹೊಡೆದು, ಪಕ್ಕದಲ್ಲಿ “ಆಫ್ ಇತ್ತು, ಅತ್ತೆ ಹೇಳಿದರು” ಅಂತ ಬರೆದಿದ್ದೀಯ. ಅದರ ಕೆಳಗೆ “ನನ್ನ ಕೈ” ಅಂತಿದೆ. ಅದೊಂದನ್ನು ಮಾತ್ರ ಹೊಡೆದಿಲ್ಲ.

ಅಯ್ಯೋ ದೇವುಡಾ, ನಾನು ಹೇಳಿದ ಒಂದು ಮಾತು ನಂಬಿ ನೀನು ಸರಿಯಾದ ಉತ್ತರವನ್ನೇ ಹೊಡೆದು ಹಾಕಿದೆಯಲ್ಲ!

ಆವತ್ತೇ ಪರೀಕ್ಷೆ ಮಾಡಿದೆ. ಸ್ವಿಚ್ ಹಾಕಿದ ಕೂಡಲೇ ಹೀಟರ್ ಒಳಗೆ ಬೆಚ್ಚಗಿದ್ದರೂ ಒಂದು ಸಲ ಹೊತ್ತುತ್ತದೆ, ಆಮೇಲೆ ಅದರ ಚಳಿ ನೋಡುವ ಗುಂಡಿಗೆ ಒದ್ದೆ ಬಟ್ಟೆ ಸುತ್ತಿದರೆ ಅದು ಚಳಿಯಾಯಿತು ಅಂದುಕೊಂಡು ಟಕ್ ಅನ್ನುತ್ತದೆ. ಬಟ್ಟೆ ಸುತ್ತುವುದು, ಸೆರಗು ಎತ್ತಿಕಟ್ಟಿ ಹಾಲ್‌ಗೆ ಓಡುವುದು, ಪರದೆ ನೋಡುವುದು. ಐದು ಸಲ ಓಡಿದೆ, ನಾಲ್ಕು ಸಲ ಆರಿತು. ನನಗೇನಾಯಿತೋ ಅಂತ ನಿಮ್ಮ ಮಾವ ಗಾಬರಿಯಾಗಿ ಮುರಳಿಗೆ ಫೋನ್ ಮಾಡಿದರು. ಮಾರನೇ ದಿನ ವೈರಿಂಗ್ ಕೋನಪ್ಪನನ್ನು ಕರೆಸಿದೆವು. ಹೀಟರಿಗೆ ಬೇರೆ ಲೈನ್ ಎಳೆಯದೆ, ಹತ್ತಿರ ಆಗುತ್ತೆ ಅಂತ ಹಾಲ್‌ನ ಬೋರ್ಡಿನಿಂದಲೇ ವೈರು ಎಳೆಸಿದ್ದು ಯಾರು? ನಾನೇ. ಅಟ್ಟದ ಮೇಲೆ ಆ ವೈರಿನ ಜಾಯಿಂಟ್ ವರ್ಷ ಕಳೆದಂತೆ ಸಡಿಲವಾಗಿ ಸುಟ್ಟು ಕಪ್ಪಾಗಿತ್ತು. “ಇನ್ನೊಂದು ಚಳಿಗಾಲ ಬಿಟ್ಟಿದ್ರೆ ಅಟ್ಟಾನೇ ಹತ್ಕೊಂಡಿರೋದಮ್ಮ” ಅಂದ. ನೀನು ಬರೆದಿಟ್ಟ ಪುಸ್ತಕದಿಂದ ಮನೆ ಉಳಿಯಿತು. ಈಗ ಹೀಟರಿಗೆ ಮೀಟರಿನಿಂದಲೇ ದಪ್ಪ ವೈರು ಬಂದಿದೆ. ಕಂಪ್ಯೂಟರ್ ಮೂರು ದಿನದಿಂದ ಬೆಳಿಗ್ಗೆಯಿಂದ ಸಂಜೆಯವರೆಗೆ ಓಡುತ್ತಿದೆ, ಒಂದು ಸಲವೂ ಆರಿಲ್ಲ.

ಅದಕ್ಕೇ ಕೇಳುತ್ತೇನೆ, ಬಾಮ್ಮ. ಸಂಕ್ರಾಂತಿ ಅಲ್ಲೇ ಮಾಡಿಕೊಂಡು ಬಾ. ಇಪ್ಪತ್ನಾಲ್ಕಕ್ಕೆ ನಿನ್ನ ಮೇಜಿನ ಮುಂದೆ ನೀನೇ ಕೂತು ಮಾತಾಡು. ನಾಳೆ ಈ ಕಾಗದವನ್ನು ಮುರಳಿ ಕೈಯಲ್ಲಿ ಟಪಾಲಿಗೆ ಹಾಕಿಸುತ್ತೇನೆ. ನೀನು ಬರುವ ಹೊತ್ತಿಗೆ ಹುಳು ಎರಡನೇ ಜ್ವರ ಬಿಟ್ಟಿರುತ್ತದೆ, ಮೊದಲ ಸೊಪ್ಪು ನೀನೇ ಹಾಕಬೇಕು. ನಿಮ್ಮ ಮಾವನ ಆಶೀರ್ವಾದವೂ ಇದೆ. ಅವರ ಕಾಫಿಯ ಆಸೆಯೂ ಇದರಲ್ಲಿ ಸೇರಿದೆ ಅಂತ ಇಟ್ಟುಕೋ. ನೂರು ಕಾಲ ತಣ್ಣಗಿರು ಮಗಳೇ, ಹೆಪ್ಪು ನೀನೇ ಹಾಕು.

ನಿನ್ನ ಅತ್ತೆ,
ವರಲಕ್ಷ್ಮಮ್ಮ

ವಿ.ಸೂ.: ಭಾನುವಾರ ಬೆಳಿಗ್ಗೆ. ಮುರಳಿ ಹೊರಟು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಒಂದು ಸುಳ್ಳು ಉಳಿದುಬಿಟ್ಟಿದೆ. ಆವತ್ತು ಹುಳುಗಳಿಗೆ ಚಳಿಯಾಗಿರಲಿಲ್ಲ. ನಿನ್ನ ಕೆಂಡದಿಂದ ಒಳಗೆ ಬೆಚ್ಚಗೇ ಇತ್ತು, ಗೋಡೆಯ ಥರ್ಮಾಮೀಟರ್ ನೋಡಿಯೇ ಇದ್ದೆ. ಹಾಲ್‌ನಲ್ಲಿ ನೀನು ಅವರ ಜೊತೆ ನಗುನಗುತ್ತಾ ಮಾತಾಡುವುದು ಕೇಳಿಸಿತು. ಈ ಕೆಲಸ ನಿನಗೆ ಸಿಕ್ಕೇ ಸಿಗುತ್ತದೆ ಅನ್ನಿಸಿತು. ಸಿಕ್ಕರೆ ದಿನವಿಡೀ ಅದರ ಮುಂದೆ ಕೂರುತ್ತೀಯ, ಹುಳುಮನೆಯಲ್ಲಿ ನಾನೊಬ್ಬಳೇ ಆಗುತ್ತೇನೆ ಅನ್ನಿಸಿತು. ಆರಿದರೆ ಆರಲಿ ಅಂತಲೇ ಸ್ವಿಚ್ ಒತ್ತಿದೆ. ನೀನು ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ಬೆಳೆಯೂ ಕೆಟ್ಟಿಲ್ಲ ಪವಿತ್ರಾ. ನಿನ್ನ ಕೈಗುಣ ಎಲ್ಲಿ ನನ್ನ ಹುಳುಮನೆ ಬಿಟ್ಟುಹೋಗುತ್ತದೋ ಅಂತ ಹೆದರಿದವಳೇ, ನಿನಗೆ ಕೈಗುಣ ಇಲ್ಲ ಅಂದೆ. ಇದನ್ನು ಮುರಳಿಗೂ ರಾತ್ರಿ ಹೇಳಿದ್ದೇನೆ. ಬೆಳಿಗ್ಗೆ ನಾನು ಕೊಟ್ಟ ಕಾಫಿಯನ್ನು ಅವನು ಮುಟ್ಟಲಿಲ್ಲ.

ಕಾಗದ ಟಪಾಲಿಗೆ ಹಾಕುತ್ತಿಲ್ಲ. ಕಂಪ್ಯೂಟರನ್ನು ನನ್ನ ಕಂಬಳಿಯಲ್ಲಿ ಸುತ್ತಿ, ಎಳ್ಳುಬೆಲ್ಲದ ಜೊತೆ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಇಪ್ಪತ್ನಾಲ್ಕಕ್ಕೆ ನಿಮ್ಮಪ್ಪನ ಮನೆಯಲ್ಲೇ ಕೂತು ಮಾತಾಡು. ಆಮೇಲೆ ಬರುವುದು, ಬಿಡುವುದು ನಿನ್ನ ಇಷ್ಟ. ನಿನ್ನ ಪುಸ್ತಕವೂ ಕಂಬಳಿಯೊಳಗಿದೆ. ಕೊನೆಯ ಪುಟದಲ್ಲಿ “ನನ್ನ ಕೈ” ಅಂತಿದ್ದದ್ದನ್ನು ನಾನು ಹೊಡೆದು ಹಾಕಿದ್ದೇನೆ. ಅದರ ಕೆಳಗೆ “ಅತ್ತೆಯ ಕೈ” ಅಂತ ಬರೆದು ಸಹಿ ಮಾಡಿದ್ದೇನೆ.